ಚಿತ್ರದಲ್ಲಿ ಎಲ್ಲಾ ಇದೆ, ಅಳತೆ ಮಾತ್ರ ಇಲ್ಲ

ಲಿಯೊನಾರ್ಡೊ ಡ ವಿಂಚಿಯ ಯಂತ್ರದ ಚಿತ್ರಗಳನ್ನ ನೋಡಿದೋರು ಅದೆಲ್ಲಾ ಅವನ ಒಬ್ಬನ ತಲೆಯಿಂದಾನೇ ಬಂದಿದ್ದು ಅಂದ್ಕೊಂಡ್ಬಿಡ್ತಾರೆ. ಹಾಗಿಲ್ಲ. ಅವನು 1452ರಲ್ಲಿ ಹುಟ್ಟೋ ಹೊತ್ತಿಗೆ ಇಟಲಿಯ ಸಿಯೆನಾದಲ್ಲಿ ಟಕ್ಕೋಲಾ ಅನ್ನೋನು ಪಂಪು, ರಾಟೆ, ಕೋಟೆ ಒಡೆಯೋ ಸಲಕರಣೆ ಅಂತ ಪುಸ್ತಕಗಟ್ಟಲೆ ಚಿತ್ರ ಬರೆದಿಟ್ಟಾಗಿತ್ತು. ಇವನಿಗೆ ಫ್ಲಾರೆನ್ಸಿನ ಬ್ರುನೆಲೆಸ್ಕಿ ಪರಿಚಯ. ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟ ಕಟ್ಟಿಸಿದೋನು ಅವನೇ. ನಿನ್ನ ಐಡಿಯಾನ ಕಂಡಕಂಡೋರಿಗೆಲ್ಲ ಹೇಳ್ಬೇಡ, ಅರ್ಥ ಆಗ್ದಿರೋರು ನಗ್ತಾರೆ, ಅರ್ಥ ಆದೋರು ಕದೀತಾರೆ ಅನ್ನೋ ಅರ್ಥದಲ್ಲಿ ಅವನು ಟಕ್ಕೋಲಾಗೆ ಬುದ್ಧಿ ಹೇಳಿದ್ದ, ಇವನು ಅದನ್ನೂ ಬರ್ಕೊಂಡಿದ್ದಾನೆ! 1421ರಲ್ಲಿ ತನ್ನ ಸರಕು ದೋಣಿಗೆ ಬೇರೆ ಯಾರೂ ಕಾಪಿ ಹೊಡೀಬಾರ್ದು ಅಂತ ಫ್ಲಾರೆನ್ಸ್ ಸರ್ಕಾರದಿಂದ 3 ವರ್ಷದ ಹಕ್ಕು ತಗೊಂಡಿದ್ದೋನು ಈ ಬ್ರುನೆಲೆಸ್ಕಿ, ಪೇಟೆಂಟ್ ಚರಿತ್ರೆ ಬರೆಯೋರು ಶುರು ಮಾಡೋದೇ ಸಾಮಾನ್ಯವಾಗಿ ಅಲ್ಲಿಂದ.

ಗುಮ್ಮಟಕ್ಕೆ ಕಲ್ಲು ಎತ್ತೋಕೆ ಅವನು ಮಾಡಿದ್ದ ಯಂತ್ರ ನಿಜಕ್ಕೂ ಜಬರ್ದಸ್ತು. ಎತ್ತುಗಳು ಸುತ್ತಾ ಸುತ್ತಿ ನಡುವಿನ ಕಂಬ ತಿರುಗಿಸ್ತವೆ, ಕಂಬಕ್ಕೆ ಮೇಲೊಂದು ಕೆಳಗೊಂದು ಹಲ್ಲಿನ ಚಕ್ರ, ಸ್ಕ್ರೂ ತಿರುಗಿಸಿ ಕಂಬಾನ ಸ್ವಲ್ಪ ಏರಿಸಿದ್ರೆ ಅಥವಾ ಇಳಿಸಿದ್ರೆ ಎರಡರಲ್ಲಿ ಒಂದು ಚಕ್ರ ಮಾತ್ರ ಪಕ್ಕದ ದೊಡ್ಡ ಚಕ್ರಕ್ಕೆ ಕಚ್ಕೊಳುತ್ತೆ, ಹಾಗಾಗಿ ಎತ್ತು ಒಂದೇ ದಿಕ್ಕಿಗೆ ನಡೀತಾ ಇದ್ರೂ ಹಗ್ಗ ಮೇಲಕ್ಕೂ ಹೋಗುತ್ತೆ ಕೆಳಕ್ಕೂ ಬರುತ್ತೆ, ನೊಗ ಬಿಚ್ಚಿ ಎತ್ತು ತಿರುಗಿಸೋ ರಗಳೇನೇ ಇಲ್ಲ. ಇದರ ಡ್ರಾಯಿಂಗ್ ಅಂತ ಬ್ರುನೆಲೆಸ್ಕಿ ಕೈಯಿಂದ ಒಂದೂ ಉಳಿದಿಲ್ಲ. ನಮಗೆ ಸಿಕ್ಕಿರೋದೆಲ್ಲ ಬೇರೆಯೋರು ನೋಡಿ ಬರ್ಕೊಂಡಿದ್ದು, ಅದ್ರಲ್ಲಿ ಲಿಯೊನಾರ್ಡೊದೂ ಇದೆ. ಅವನು ಯಾರ ಯಂತ್ರ ಅಂತ ಹೆಸರು ಹಾಕ್ಲಿಲ್ಲ, ಸರಿ, ಬಹಳ ಕಾಲ ಜನ ಅವನದೇ ಅಂದ್ಕೊಂಡ್ರು.

ಆದ್ರೆ ಬರೆಯೋ ರೀತೀಲಿ ಲಿಯೊನಾರ್ಡೊನ ಮೀರಿಸಿದೋರಿಲ್ಲ, ಅದು ಒಪ್ಬೇಕು. ಭಾರ ಎತ್ತೋ ಇನ್ನೊಂದು ಯಂತ್ರದ ಹಾಳೆ ಇದೆ, ಎಡಗಡೆ ಜೋಡಿಸಿದ ಯಂತ್ರ, ಬಲಗಡೆ ಅದನ್ನೇ ಬಿಚ್ಚಿ ಒಂದೊಂದು ಪಾರ್ಟೂ ಒಂದೇ ನೇರ ಗೆರೆ ಮೇಲೆ ದೂರ ದೂರ ಇಟ್ಟ ಹಾಗೆ ಬರೆದಿದ್ದಾನೆ. ವಿವರಣೆ ಏನೂ ಬೇಡ, ಕಣ್ಣಲ್ಲೇ ಜೋಡಿಸ್ಬೋದು. ದುರಂತ ಏನಂದ್ರೆ ಅವನ ಯಂತ್ರದ ನೋಟ್ಸ್ ಅವನ ಕಾಲದಲ್ಲಿ ಪ್ರಿಂಟೇ ಆಗ್ಲಿಲ್ಲ, ಮ್ಯಾಡ್ರಿಡ್ ಲೈಬ್ರರಿಯಲ್ಲಿದ್ದ ಎರಡು ಪುಸ್ತಕ ಮತ್ತೆ ಕೈಗೆ ಸಿಕ್ಕಿದ್ದು 1960ರ ದಶಕದಲ್ಲಿ.

ಪ್ರಿಂಟಿಗೆ ಬಂದಿದ್ದು ಜರ್ಮನಿಯ ವಿದ್ವಾಂಸ ಅಗ್ರಿಕೋಲಾನ ಗಣಿ ಪುಸ್ತಕ, 1556ರಲ್ಲಿ, ಬಾಸೆಲ್‌ನಲ್ಲಿ, ಅವನು ತೀರ್ಕೊಂಡ ಮರುವರ್ಷ. ಸುಮಾರು 290 ಮರದಚ್ಚಿನ ಚಿತ್ರಗಳು. ಬರೀ ಮಾತಲ್ಲಿ ಹೇಳಿದ್ರೆ ಮುಂದಿನೋರಿಗೆ ತಿಳಿಯಲ್ಲ ಅಂತ ದುಡ್ಡು ಕೊಟ್ಟು ಬರೆಸಿದ್ದ. ಪಂಪಿನ ಒಂದೊಂದು ಭಾಗಕ್ಕೂ ಎ, ಬಿ, ಸಿ ಅಂತ ಅಕ್ಷರ, ನೆಲ ಸೀಳಿ ಒಳಗಿನ ಗಣಿ ಕಾಣೋ ಹಾಗೆ, ಬಿಡಿಭಾಗಗಳು ಪಕ್ಕದಲ್ಲೇ ನೆಲದ ಮೇಲೆ ಬಿದ್ದಿರ್ತವೆ.

1588ರಲ್ಲಿ ಪ್ಯಾರಿಸ್ಸಲ್ಲಿ ಇಟಲಿಯ ಇಂಜಿನಿಯರ್ ರಮೆಲ್ಲಿ 195 ಚಿತ್ರದ ಪುಸ್ತಕ ತಂದ, ಇದು ಸ್ವಲ್ಪ ಶೋ ಆಫು ಅನ್ನಿ. ಅವನ ಪುಸ್ತಕದ ಚಕ್ರ ಫೇಮಸ್ಸು, ಕೂತಲ್ಲೇ ಚಕ್ರ ತಿರುಗಿಸಿ ಹಲವು ಪುಸ್ತಕ ಓದ್ಬೋದು, ಹಲಗೆಗಳು ವಾಲ್ದೇ ಇರೋಕೆ ಒಳಗೆ ರಾಶಿ ಗೇರು. ಜಾತ್ರೆಯ ಜೈಂಟ್ ವೀಲ್ ತೊಟ್ಟಿಲಿನ ಹಾಗೆ ನೇತು ಹಾಕಿದ್ರೆ ಭಾರಕ್ಕೇ ನೆಟ್ಟಗೆ ನಿಲ್ತಿತ್ತಲ್ಲ ಮಾರಾಯ್ರೆ! ರಾಜರ ಕಣ್ಣಿಗೆ ಬೀಳ್ಬೇಕಿತ್ತು, ಗೇರು ತುಂಬಿಸಿದ ಅಂತ ನನ್ನ ಲೆಕ್ಕ.

ಇಷ್ಟೆಲ್ಲಾ ಇದ್ರೂ ಈ ಚಿತ್ರ ಇಟ್ಕೊಂಡು ಬಡಗಿ ನೇರವಾಗಿ ಯಂತ್ರ ಮಾಡೋಕಾಗ್ತಿರ್ಲಿಲ್ಲ, ಯಾಕಂದ್ರೆ ಹೆಚ್ಚಿನವುಗಳಲ್ಲಿ ಅಳತೆಯಿಲ್ಲ, ಗೇರಿಗೆ ಎಷ್ಟು ಹಲ್ಲು ಅಂತಾನೂ ಹೇಳಿರಲ್ಲ, ಅದೆಲ್ಲ ಕೆಲಸ ಗೊತ್ತಿರೋನ ಕೈಯಲ್ಲಿ. ಮೇಲಿಂದ, ಮುಂದಿಂದ ನೋಡಿದ ಹಾಗೆ ಬರೆಯೋದನ್ನ ಕಟ್ಟಡದೋರು ಮೊದ್ಲಿಂದ ಮಾಡ್ತಿದ್ರು, ಅದಕ್ಕೆ ಪಕ್ಕಾ ಗಣಿತದ ಚೌಕಟ್ಟು ಕೊಟ್ಟಿದ್ದು 18ನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಮೊಂಜ್. ಮಿಲಿಟರಿ ಇಂಜಿನಿಯರಿಂಗ್ ಸ್ಕೂಲಲ್ಲಿ ಹುಟ್ಟಿದ ಆ ವಿದ್ಯೆನ ಸೇನೆಯೋರು ಗುಟ್ಟಾಗೇ ಇಟ್ಕೊಂಡಿದ್ರು, ಹೊರಗಿನೋರಿಗೆ ಪಾಠ ಶುರುವಾಗಿದ್ದು ಕ್ರಾಂತಿ ಆದ್ಮೇಲೆ, 1795ರಲ್ಲಿ.