‘ಐ ಆಮ್ ಹ್ಯಾವಿಂಗ್ ಎ ಡೌಟ್’ ಅನ್ನುವ ಮುಂಚೆ

ನನ್ನ ಸಂಜೆಯ ಇಂಗ್ಲಿಷ್ ಕ್ಲಾಸಿನಲ್ಲಿ ಯಾರಾದರೂ ಕೈ ಎತ್ತಿದರೆ ಬರುವ ಮಾತು ಹೆಚ್ಚುಕಡಿಮೆ ಒಂದೇ: ‘ಸರ್, ಐ ಆಮ್ ಹ್ಯಾವಿಂಗ್ ಎ ಡೌಟ್.’ ಡೌಟ್ ಇರಲಿ, ಮೊದಲು ಆ ‘ಹ್ಯಾವಿಂಗ್’ ವಿಷಯ ಮುಗಿಸೋಣ, ಅಲ್ಲಿ ಬೇಕಾದದ್ದು ಬರೀ ‘ಐ ಹ್ಯಾವ್’.

‘ಈಗ ನಡೆಯುತ್ತಿದ್ದರೆ ಕಂಟಿನ್ಯುಯಸ್ (ಐ ಆಮ್ ಈಟಿಂಗ್), ದಿನಾ ನಡೆದರೆ ಸಿಂಪಲ್ (ಐ ಈಟ್)’ ಅಂತ ಸ್ಕೂಲಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ತಪ್ಪೇನಲ್ಲ. ಆದರೆ ಡೌಟ್ ಇರುವುದೂ ಈಗಲೇ ಅಲ್ವಾ? ಅದಕ್ಕೇ ಎಲ್ಲರೂ ಕ್ರಿಯಾಪದದ ಕೊನೆಗೆ ಐಎನ್‌ಜಿ ಸೇರಿಸುತ್ತಾರೆ.

ನಾನು ಬೇರೆ ದಾರಿ ಹೇಳಿಕೊಡುತ್ತೇನೆ. ಮೊದಲು ಕನ್ನಡದಲ್ಲಿ ಹೇಳಿನೋಡಿ. ಮಾತು ‘ನನಗೆ’ ಅಂತ ಶುರುವಾದರೆ ಐಎನ್‌ಜಿ ಬೇಡ. ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ಇಬ್ಬರು ಅಣ್ಣಂದಿರಿದ್ದಾರೆ: ಐ ನೋ, ಐ ವಾಂಟ್, ಐ ಲೈಕ್, ಐ ಹ್ಯಾವ್. ‘ನಾನು’ ಅಂತ ಶುರುವಾಗಿ ಕೆಲಸ ಇನ್ನೂ ನಡೆಯುತ್ತಿದ್ದರೆ ಧೈರ್ಯವಾಗಿ ಸೇರಿಸಿ. ನಾನು ಊಟ ಮಾಡ್ತಾ ಇದ್ದೀನಿ, ‘ಐ ಆಮ್ ಹ್ಯಾವಿಂಗ್ ಲಂಚ್’, ಇಲ್ಲಿ ಅದೇ ‘ಹ್ಯಾವಿಂಗ್’ ಸರಿ. ‘ಥಿಂಕ್’ ನೋಡಿ, ಇನ್ನೂ ಚೆನ್ನಾಗಿದೆ. ನನಗೆ ಹಾಗನ್ನಿಸುತ್ತೆ ಅನ್ನುವುದು ‘ಐ ಥಿಂಕ್ ಸೋ’, ನಾನು ಯೋಚನೆ ಮಾಡ್ತಾ ಇದ್ದೀನಿ ಅನ್ನುವುದು ‘ಐ ಆಮ್ ಥಿಂಕಿಂಗ್’. ಇಂಗ್ಲಿಷಿನಲ್ಲಿ ಒಂದೇ ಪದಕ್ಕೆ ಎರಡು ವೇಷ, ನಮ್ಮಲ್ಲಿ ಪದಗಳೇ ಬೇರೆ.

ಇದು ಎಲ್ಲ ಕಡೆ ನಡೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ‘ನನಗೆ ವಯಸ್ಸಾಗ್ತಾ ಇದೆ’ ಅನ್ನುವ ಹಾಗೆ ನಿಧಾನಕ್ಕೆ ಬದಲಾಗುವ ವಿಷಯಕ್ಕೆ ‘ಐ ಆಮ್ ಗೆಟಿಂಗ್ ಓಲ್ಡ್’ ಅಂತ ಐಎನ್‌ಜಿ ಬೇಕೇ ಬೇಕು. ಪ್ರೀತಿ ಉಲ್ಟಾ. ಕನ್ನಡದಲ್ಲಿ ‘ನಾನು ಪ್ರೀತಿಸ್ತಾ ಇದ್ದೀನಿ’, ಇಂಗ್ಲಿಷಿನಲ್ಲಿ ಬರೀ ‘ಐ ಲವ್’. ಹಾಗಾದರೆ ಮೆಕ್‌ಡೊನಾಲ್ಡ್ಸ್‌ನವರ ‘ಐ ಆಮ್ ಲವಿನ್ ಇಟ್’ ಏನು ಸರ್ ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬ ಕೇಳುತ್ತಾನೆ. ಅದು 2003ರ ಜಾಹೀರಾತು. ತಿನ್ನುತ್ತಿರುವ ಈ ಹೊತ್ತಿನ ಖುಷಿ ಹೇಳೋಕೆ ಬೇಕಂತಲೇ ಹಾಗೆ ಬರೆದದ್ದು. ಹೆಂಡತಿಗೆ ಹಾಗೆ ಹೇಳಬೇಡಿ, ‘ಸದ್ಯಕ್ಕೆ’ ಅಂತ ಕೇಳಿಸುತ್ತದೆ!

ಈ ‘ಸದ್ಯಕ್ಕೆ’ ಅನ್ನುವುದೇ ನನ್ನ ಎರಡನೇ ಪರೀಕ್ಷೆ: ಮಾತಿಗೆ ‘ಸದ್ಯಕ್ಕೆ’ ಹೊಂದಿದರೆ ಐಎನ್‌ಜಿ, ಹೊಂದದಿದ್ದರೆ ಬೇಡ. ಕೆಲಸ, ಮನೆ, ಊಟದ ವಿಷಯದಲ್ಲಿ ನಾವು ಜಾಸ್ತಿ ಎಡವುತ್ತೇವೆ, ಯಾಕೆಂದರೆ ಇಪ್ಪತ್ತು ವರ್ಷದಿಂದ ಒಂದೇ ಬ್ಯಾಂಕಿನಲ್ಲಿ ಇರುವವರೂ ಕನ್ನಡದಲ್ಲಿ ‘ಬ್ಯಾಂಕಲ್ಲಿ ಕೆಲಸ ಮಾಡ್ತಾ ಇದ್ದೀನಿ’ ಅಂತಲೇ ಹೇಳುತ್ತಾರೆ, ಅದನ್ನೇ ‘ಐ ಆಮ್ ವರ್ಕಿಂಗ್ ಇನ್ ಎ ಬ್ಯಾಂಕ್’ ಅಂತ ಇಂಗ್ಲಿಷಿಗೆ ಒಯ್ಯುತ್ತಾರೆ. ಬೆಂಗಳೂರಿನಲ್ಲಿ ಯಾರಿಗೂ ಇದು ತಪ್ಪು ಅನ್ನಿಸಲ್ಲ, ನಾನೂ ತಿದ್ದಲು ಹೋಗಲ್ಲ. ಆದರೆ ಲಂಡನ್ನಿನ ಕ್ಲೈಂಟ್‌ಗೆ ಇದು ‘ಸದ್ಯಕ್ಕೆ ಅಲ್ಲಿದ್ದಾನೆ’ ಅನ್ನುವ ಹಾಗೆ ಕೇಳಿಸಬಹುದು. ‘ವೇರ್ ಆರ್ ಯು ಸ್ಟೇಯಿಂಗ್’ ಅಂತ ಮನೆ ಎಲ್ಲಿ ಅಂದುಕೊಂಡು ಕೇಳಿದರೆ ಅವರು ಹೋಟೆಲ್ ಹೆಸರು ಹೇಳುತ್ತಾರೆ. ಮನೆ ಕೇಳಬೇಕಾದರೆ ‘ವೇರ್ ಡು ಯು ಲಿವ್’.

‘ಇಲ್ಲ’ ಅನ್ನುವಾಗ ಮಾತ್ರ ನಮ್ಮ ಕಿವಿ ಪಕ್ಕಾ. ‘ಮಾಂಸ ತಿನ್ನಲ್ಲ’ ಬೇರೆ, ಶ್ರಾವಣದಲ್ಲಿ ‘ಮಾಂಸ ತಿನ್ತಾ ಇಲ್ಲ’ ಬೇರೆ, ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೊದಲನೆಯದು ‘ಐ ಡೋಂಟ್ ಈಟ್ ಮೀಟ್’, ಎರಡನೆಯದು ‘ಐ ಆಮ್ ನಾಟ್ ಈಟಿಂಗ್ ಮೀಟ್ ದಿಸ್ ಮಂತ್’. ಹುಟ್ಟು ಸಸ್ಯಾಹಾರಿ ವಿದೇಶದಲ್ಲಿ ‘ಐ ಆಮ್ ನಾಟ್ ಈಟಿಂಗ್ ಮೀಟ್’ ಅಂದರೆ ಮುಂದಿನ ವಾರ ಅವನ ಮುಂದೆ ಚಿಕನ್ ಬಂದರೂ ಬಂತು.

ಕ್ರಿಕೆಟ್ ಕಾಮೆಂಟರಿ ಬಗ್ಗೆಯೂ ಕೇಳುತ್ತಾರೆ. ಕಣ್ಣೆದುರಿಗೇ ನಡೆಯುತ್ತಿದ್ದರೂ ‘ಬುಮ್ರಾ ಬೌಲ್ಸ್’ ಅನ್ನುತ್ತಾರಲ್ಲ, ಯಾಕೆ? ಅವರು ಬಾಯಿ ಮುಚ್ಚುವಷ್ಟರಲ್ಲಿ ಆ ಚೆಂಡಿನ ಕಥೆ ಮುಗಿದಿರುತ್ತದೆ. ಮಳೆಗೆ ಆಟ ನಿಂತ ಮೇಲೆ ಅದೇ ಕಾಮೆಂಟೇಟರ್ ‘ಇಟ್ ಈಸ್ ರೇನಿಂಗ್’ ಅನ್ನುತ್ತಾನೆ, ಕೇಳಿಸಿಕೊಳ್ಳಿ.