ಕಾವಿಗೆ ಸೊಟ್ಟಗಾಗುವ ನೆಗೆಟಿವ್

ಫಿಲ್ಮ್ ಫೋಟೊ ಪ್ರಿಂಟ್ ಮಾಡುವ ಡಾರ್ಕ್‌ರೂಮ್ ಕೆಲಸ ಕಲಿಯುವವರು ಮಸುಕಾದ ಪ್ರಿಂಟ್ ತಂದು ತೋರಿಸಿದಾಗ ನಾನು ಲೆನ್ಸಿನ ವಿಚಾರ ಎತ್ತುವುದಿಲ್ಲ. ಫೋಕಸ್ ಮಾಡುವ ಮೊದಲು ದೀಪ ಎಷ್ಟು ಹೊತ್ತು ಉರಿದಿತ್ತು ಎಂದು ಕೇಳುತ್ತೇನೆ. ನೆಗೆಟಿವಿನ ಚಿತ್ರವನ್ನು ಹಿಗ್ಗಿಸಿ ಪೇಪರ್ ಮೇಲೆ ಬೀಳಿಸುವ ಎನ್‌ಲಾರ್ಜರಿನ 75 ಅಥವಾ 150 ವ್ಯಾಟ್ ಬಲ್ಬಿನ ಕಾವಿಗೆ ನೆಗೆಟಿವ್ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ತಣ್ಣಗಿದ್ದಾಗ ಫೋಕಸ್ ಮಾಡಿದ್ದರೆ, ಎಕ್ಸ್‌ಪೋಶರ್ ಮುಗಿಯುವುದರೊಳಗೆ ಅದು ಜಾಗ ಬಿಟ್ಟು ಉಬ್ಬಿರುತ್ತದೆ.

ಆದ್ದರಿಂದ ದೀಪ ಹಚ್ಚಿ ಒಂದೆರಡು ನಿಮಿಷ ಬಿಡಿ, ಆಮೇಲೆ ಫೋಕಸ್ ಮಾಡಿ. ದೀಪ ಆರಿಸಿದರೆ ನೆಗೆಟಿವ್ ಮತ್ತೆ ಹಿಂದಿನ ಸ್ಥಿತಿಗೆ ಮರಳುತ್ತದೆ. ಲೆನ್ಸಿನ ಕೆಳಗಿನ ಕೆಂಪು ಫಿಲ್ಟರ್ ಅಡ್ಡ ಸರಿಸಿ (ಕಪ್ಪು-ಬಿಳುಪು ಪೇಪರಿಗೆ ಆ ಕೆಂಪು ಬೆಳಕು ತಾಕದು), ದೀಪ ಉರಿಯುತ್ತಿರುವಾಗಲೇ ಪೇಪರ್ ಇಡಿ. ಎರಡು ಗಾಜುಗಳ ನಡುವೆ ನೆಗೆಟಿವ್ ಒತ್ತಿ ಹಿಡಿಯುವ ಕ್ಯಾರಿಯರ್ ಇದ್ದರೆ ಈ ಪಾಡಿಲ್ಲ. ಆದರೆ ಧೂಳು ಕೂರಲು ಗಾಜಿನ ನಾಲ್ಕು ಮೈ ಹೆಚ್ಚುತ್ತವೆ, ಗಾಜಿಗೆ ಫಿಲ್ಮ್ ತಾಗಿದಲ್ಲಿ ಬಳೆಬಳೆಯಾಗಿ ಮೂಡುವ ನ್ಯೂಟನ್ ಉಂಗುರಗಳ ಕಾಟವೂ ಉಂಟು.

ಫೋಕಸ್ ಮಾಡುವಾಗ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಪೂರ್ತಿ ತೆರೆದಿರಲಿ. ಕೆಳಗೆ ಅದೇ ದಪ್ಪದ ಹಳೆಯ ಪ್ರಿಂಟೊಂದನ್ನು ಮಗುಚಿ ಹಾಕಿ, ಅದರ ಮೇಲೆ ಫಿಲ್ಮಿನ ಬೆಳ್ಳಿಯ ಕಣಗಳನ್ನು ದೊಡ್ಡದಾಗಿ ತೋರಿಸುವ ಗ್ರೇನ್ ಫೋಕಸರ್ ಇಟ್ಟು ನೋಡಿ. ಚಿತ್ರದಲ್ಲಿರುವವರ ಕಣ್ಣು, ರೆಪ್ಪೆಗಳನ್ನು ನೆಚ್ಚಬೇಡಿ; ಕ್ಯಾಮೆರಾದಲ್ಲೇ ಅವು ಮಸುಕಾಗಿರಬಹುದು. ಬೆಳ್ಳಿಯ ಕಣ ಸುಳ್ಳು ಹೇಳುವುದಿಲ್ಲ. ನಡುವೆ ಕಣ ಚೂಪಾಗಿದ್ದು ಒಂದು ಅಂಚಿನಲ್ಲಿ ಮಾತ್ರ ಕರಗಿದ್ದರೆ ಎನ್‌ಲಾರ್ಜರಿನ ತಲೆಭಾಗ ಓರೆಯಾಗಿದೆ ಎಂದರ್ಥ. ಗಾರೆ ಕೆಲಸದವರ ರಸಮಟ್ಟ ತಂದು ಬೇಸ್‌ಬೋರ್ಡ್, ಕ್ಯಾರಿಯರ್, ಲೆನ್ಸ್ ಹಲಗೆ ಮೂರನ್ನೂ ಸರಿಹೊಂದಿಸಿ.

ಇನ್ನು ಬೆಳಕು. 8 ಪಟ್ಟು ಹಿಗ್ಗಿಸಿದಾಗ 10 ಸೆಕೆಂಡ್ ಸಾಕಾಗಿದ್ದ ನೆಗೆಟಿವ್ 16 ಪಟ್ಟಿಗೆ ಸುಮಾರು 36 ಸೆಕೆಂಡ್ ಬೇಡುತ್ತದೆ: ಎರಡೂ ಪಟ್ಟಿಗೆ ಒಂದೊಂದು ಕೂಡಿಸಿ, 17ರ ವರ್ಗವನ್ನು 9ರ ವರ್ಗದಿಂದ ಭಾಗಿಸಿದ ಲೆಕ್ಕವದು. ಅಷ್ಟು ಹೊತ್ತಿನಲ್ಲಿ ಬೀದಿಯಲ್ಲಿ ಲಾರಿ ಹೋದರೂ ಎನ್‌ಲಾರ್ಜರಿನ ಕಂಬ ಅದುರಬಹುದು. ಹೀಗಿದ್ದೂ ಫೋಕಸ್ ಮೇಲಿನ ಅನುಮಾನಕ್ಕೆ ಅಪರ್ಚರನ್ನು ಎಫ್ 16ಕ್ಕೆ ಮುಚ್ಚುವವರಿದ್ದಾರೆ (ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು). ಕಿಂಡಿ ಅಷ್ಟು ಕಿರಿದಾದರೆ ಬೆಳಕು ಅಂಚಿನಲ್ಲಿ ಬಾಗಿ ಹರಡುವ ವಿವರ್ತನೆಯಿಂದಲೇ ಚೂಪು ಕಳೆಯುತ್ತದೆ, ಎಫ್ 8ಕ್ಕಿಂತ ನಾಲ್ಕು ಪಟ್ಟು ಸಮಯವೂ ತಗಲುತ್ತದೆ. 50 ಮಿಲಿಮೀಟರ್ ಲೆನ್ಸಿನಲ್ಲಿ ನಾನು ಎಫ್ 8 ದಾಟುವುದು ಅಪರೂಪ. ದೊಡ್ಡ ಪ್ರಿಂಟಿಗೆ ಎಫ್ 5.6ಕ್ಕೆ ತೆರೆಯಲೂ ಹಿಂಜರಿಯುವುದಿಲ್ಲ.

ನಮ್ಮ ಊರುಗಳ ಸಂಜೆಯ ವೋಲ್ಟೇಜನ್ನೂ ಮರೆಯಬಾರದು. 230 ಇದ್ದದ್ದು 207ಕ್ಕೆ ಇಳಿದರೆ ತಂತಿ ಬಲ್ಬಿನ ಬೆಳಕು ಹೆಚ್ಚುಕಡಿಮೆ ಶೇ 30 ತಗ್ಗುತ್ತದೆ. ಎಷ್ಟು ಸೆಕೆಂಡ್ ಬೇಕೆಂದು ಪೇಪರ್ ತುಂಡಿನ ಮೇಲೆ ನೋಡಿಕೊಂಡ ಮಧ್ಯಾಹ್ನದ ಟೆಸ್ಟ್ ಸ್ಟ್ರಿಪ್ ರಾತ್ರಿಗೆ ಸುಳ್ಳಾಗುತ್ತದೆ. ಸ್ಟೆಬಿಲೈಸರ್ ಕೊಳ್ಳುವವರೆಗೆ, ಪಕ್ಕದ ಮನೆಯ ನೀರಿನ ಪಂಪ್ ನಿಲ್ಲುವುದನ್ನೇ ಕಾಯುತ್ತ ನಾನು ಕತ್ತಲಲ್ಲಿ ಕೂತದ್ದುಂಟು.