ಗಾರೆ ಕೆರೆದರೆ ಕಂಬವೇ ಹೋಗುತ್ತದೆ

ದಕ್ಷಿಣ ಗೋವಾದ ಹಳೆಯ ಮನೆಯೊಂದರ ಯಜಮಾನರು ಕಳೆದ ಬೇಸಗೆಯಲ್ಲಿ ನನ್ನನ್ನು ಕರೆಸಿದ್ದರು. ಗಾರೆಯನ್ನೆಲ್ಲ ಕೆರೆದು ಕೆಂಪು ಕಲ್ಲು ಕಾಣುವ ಹಾಗೆ ಮಾಡಬೇಕಂತೆ. “ಬೊಮ್ ಜೀಸಸ್ ಇಗರ್ಜಿ ಹಾಗೇ ಇದೆಯಲ್ಲ?” ಎಂದರು, ಹಳೆ ಗೋವಾದ ಹೆಸರಾಂತ ಚರ್ಚನ್ನು ನೆನೆದು. ಹಳೆಯ ಕಟ್ಟಡಗಳ ದುರಸ್ತಿಯೇ ಕಸುಬಾಗಿರುವ ನನಗೆ ಇದು ಹೊಸ ಪ್ರಶ್ನೆಯಲ್ಲ.

1594ರಲ್ಲಿ ಕಟ್ಟಲಾರಂಭಿಸಿ 1605ರಲ್ಲಿ ಪ್ರತಿಷ್ಠೆಗೊಂಡ ಆ ಇಗರ್ಜಿಯ ಮುಂಭಾಗದಲ್ಲಿ ಎರಡು ಬಗೆಯ ಕಲ್ಲುಗಳಿವೆ. ಗೋಡೆಯ ಮೈ ಜಂಬಿಟ್ಟಿಗೆಯದು. ಮಂಗಳೂರಿನವರು ಮುರಕಲ್ಲು ಎನ್ನುವುದು ಇದನ್ನೇ. ಗೋಡೆಗೆ ಅಂಟಿದ ಕಂಬಗಳು, ಕೆತ್ತನೆಗಳು ಮಾತ್ರ ಮುಂಬೈ ಬಳಿಯ ವಸಯಿಯಿಂದ ತರಿಸಿದ ಕರಿಗಲ್ಲಿನವು. ಇಟಲಿಯಲ್ಲಿ ಹುಟ್ಟಿ ಪೋರ್ಚುಗೀಸರ ಜೊತೆ ಬಂದ ರಿನೈಸಾನ್ಸ್ ಶೈಲಿಗೆ ಕಂಬದ ತಲೆಯಲ್ಲಿ ಎಲೆ, ಸುರುಳಿ ಬೇಕೇ ಬೇಕು. ತೂತು ತೂತಾದ ಮುರಕಲ್ಲಿನಲ್ಲಿ ಅಷ್ಟು ನಾಜೂಕು ಬರುವುದಿಲ್ಲ, ಉಳಿ ತಾಗಿದಲ್ಲಿ ಉದುರುತ್ತದೆ.

ಅಷ್ಟು ದೂರದಿಂದ ಕಲ್ಲು ತರಿಸುವ ತಾಕತ್ತು ಎಲ್ಲರಿಗೂ ಎಲ್ಲಿಂದ ಬರಬೇಕು? ಹಳ್ಳಿಯ ಇಗರ್ಜಿಗಳಲ್ಲಿ, ಮುಂದೆ ಸಿರಿವಂತರ ಮನೆಗಳಲ್ಲಿ ಅದೇ ಕಂಬ, ಅದೇ ಕಮಾನು, ಕಿಟಕಿಯ ನೆತ್ತಿಯ ಅದೇ ಅಂಚುಪಟ್ಟಿ ಸುಣ್ಣದ ಗಾರೆಯಲ್ಲಿ ಮೂಡಿದವು. ಹಸಿ ಗಾರೆಯ ಮೇಲೆ ಅಚ್ಚಿನ ಹಲಗೆ ಎಳೆದರೆ ಉಬ್ಬು ತಗ್ಗು ಒಂದೇ ಗೆರೆಯಲ್ಲಿ ಬರುತ್ತವೆ. ನನ್ನ ಮಟ್ಟಿಗೆ ಗೋವಾದ ನಿಜವಾದ ಶೈಲಿ ಇದೇ. ವಸಯಿಯ ಕರಿಗಲ್ಲು ಶ್ರೀಮಂತರ ಅಪವಾದ. ಈ ಮನೆಯಲ್ಲೂ ಬಾಗಿಲ ಎಡಬಲದ ಕಂಬಗಳು ಬರೀ ಗಾರೆ. ಕೆರೆದರೆ ಒಳಗಿನಿಂದ ಕಂಬ ಹೊರಬರುವುದಿಲ್ಲ, ಬೋಳು ಗೋಡೆ ಉಳಿಯುತ್ತದೆ.

ಇನ್ನು ಬೊಮ್ ಜೀಸಸ್. ಅದರ ಗಾರೆಯನ್ನು ತೆಗೆದದ್ದು 1950ರ ದಶಕದಲ್ಲಿ. ಮೂರೂವರೆ ಶತಮಾನ ಅದು ಗಾರೆ ಹೊದ್ದೇ ನಿಂತಿತ್ತು. ಅಂದಿನಿಂದ ಪ್ರತಿ ಮಳೆಗಾಲವೂ ಆ ಕಲ್ಲು ನೀರು ಕುಡಿಯುತ್ತಿದೆ. ಪ್ರವಾಸಿಗರು ಫೋಟೊ ತೆಗೆಯುವ ಆ ಕೆಂಪು ನನಗೆ ಸಿಪ್ಪೆ ಸುಲಿದ ಮೈಯಂತೆ ಕಾಣುತ್ತದೆ.

ಯಜಮಾನರನ್ನು ಅಡುಗೆಮನೆಯ ಹಿಂದಕ್ಕೆ ಕರೆದೊಯ್ದೆ. ಗಾರೆ ಬಿದ್ದುಹೋದ ಒಂದು ಮೊಳ ಜಾಗದಲ್ಲಿ ಬೆರಳಿಟ್ಟು ಒತ್ತಿದೆ. ಅರ್ಧ ಇಂಚು ಒಳಗಿಳಿದು ಕೆಂಪು ಹುಡಿ ಉದುರಿತು. ಪಕ್ಕದಲ್ಲಿ ಹಿಂದೊಮ್ಮೆ ಸಿಮೆಂಟ್ ಮೆತ್ತಿದ್ದರು. ತಟ್ಟಿದರೆ ಟೊಳ್ಳು ಸದ್ದು. ಒಂದು ಚೂರು ಕಿತ್ತಾಗ ಏಪ್ರಿಲ್ ಬಿಸಿಲಿನಲ್ಲೂ ಹಿಂದಿನ ಕಲ್ಲು ಒದ್ದೆಯಾಗಿತ್ತು. ಸುಣ್ಣದ ಗಾರೆಯಾದರೆ ಒಳಗೆ ಸೇರಿದ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ಅದನ್ನು ಕೂಡಿಹಾಕುತ್ತದೆ.

ಅವರು ತಮ್ಮ ಬೆರಳನ್ನೂ ಒತ್ತಿ ನೋಡಿದರು. ಈಗ ಅಂಗಳದ ತೊಟ್ಟಿಯಲ್ಲಿ ಸುಣ್ಣ ನೆನೆಯುತ್ತಿದೆ. ಮಳೆ ನಿಂತ ಮೇಲೆ ಕೆಲಸ ಶುರು.